ಮಣ್ಣಿಗೆ ಬಂದವರು

ಬಂಡೆಮ್ಮನ ನಡುವಿನ ಮಗನಿಗೆ ಮಣ್ಣಾಗಿರಲಿಲ್ಲ. ಅವನು ಸತ್ತು ಮೂರು ವರ್ಷವಾಗುತ್ತ ಬಂದಿತ್ತು. ಆ ಸೋಮವಾರ ಬೆಳಿಗ್ಗೆ ದೇವದುರ್ಗದ ತಾಲೂಕು ಕಚೇರಿಯ ಮುಂದೆ ಎರಡು ಬಂಡಿಗಳು ನಿಂತು, ಅವುಗಳಿಂದ ಬೀಗರು ಒಬ್ಬೊಬ್ಬರಾಗಿ ಇಳಿಯತೊಡಗಿದಾಗ ಬಾಗಿಲಲ್ಲಿದ್ದ ಜವಾನ ಬೀಡಿ ಆರಿಸಿ ಎದ್ದು ನಿಂತ. ಬಂದವರ ಕೈಯಲ್ಲಿ ತೆಂಗಿನಕಾಯಿ, ಊದಿನಕಡ್ಡಿ, ಅರಿಶಿನ ಭಂಡಾರದ ಚೀಲ, ಮಡಿಚಿದ ಬಿಳಿ ಬಟ್ಟೆ ಇದ್ದವು. ಒಬ್ಬನ ಹೆಗಲ ಮೇಲೆ ಗುದ್ದಲಿ ಇತ್ತು. ನೀರಮಾನ್ವಿಯಿಂದ ಬಂದ ಬಂಡೆಮ್ಮನ ನಾದಿನಿ ಕರೆಮ್ಮ ಬಂಡಿಯ ಗಾಲಿಗೆ ಒರಗಿ ಕುಳಿತವಳೇ ಸೆರಗನ್ನು ಬಾಯಿಗಿಟ್ಟು ಹಾಡಿಕೊಂಡು ಅಳತೊಡಗಿದಳು.

"ಏ ಯವ್ವಾ, ಇಲ್ಲಿ ಅಳಬಾರ್ದು. ಸಾಹೇಬ್ರು ಒಳಗ ಅದಾರ," ಎಂದ ಜವಾನ.

ಕರೆಮ್ಮ ಅಳು ನಿಲ್ಲಿಸಿ ಅವನನ್ನು ದಿಟ್ಟಿಸಿದಳು. "ಮತ್ತೆಲ್ಲಿ ಅಳಬೇಕೋ? ಹೆಣ ಇಲ್ಲೇ ಅಲ್ಲೇನು ಕೊಡೂದು?"

ಗದ್ದಲ ಕೇಳಿ ಗಿರ್ದಾವರ ನಬೀಸಾಬ್ ಹೊರಗೆ ಬಂದರು. ಹೊಲ, ಕಂದಾಯ, ಗಡಿಕಲ್ಲುಗಳ ನಡುವೆ ತಲೆ ನರೆಸಿಕೊಂಡ ಮನುಷ್ಯ. ಬಂಡೆಮ್ಮನ ಗಂಡನನ್ನು ಅವರು ಬಲ್ಲರು.

"ಏನೋ ಮಾಳಿಂಗಪ್ಪ, ಹೆಂಡ್ತಿನ್ನ ಕರ್ಕೊಂಡು ಬಾ ಅಂದ್ರ ಲಗ್ನದ ದಿಬ್ಬಣಾನೇ ಕಟ್ಗೊಂಡು ಬಂದೀಯಲ್ಲ!"

ಮಾಳಿಂಗಪ್ಪ ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. "ದಿಬ್ಬಣ ಅಲ್ರಿ ಸಾಹೇಬ್ರ. ಮಣ್ಣಿಗಿ ಬಂದಾರ."

"ಯಾರ ಮಣ್ಣಿಗಿ?"

ಬಂಡೆಮ್ಮ ಮುಂದೆ ಬಂದಳು. ಅವಳ ತೋಳಿನ ಮೇಲೆ ಒಂದು ಕರಿ ಕಂಬಳಿ ಇತ್ತು. "ನನ್ನ ಮಗಂದ್ರಿ, ಜಂಬಣ್ಣಂದು. ಸರ್ಕಾರ ಮಣ್ಣು ಕೊಡ್ತೀನಿ ಅಂದದ. ರಾಯಚೂರಾಗ ಅಷ್ಟು ಮಂದಿ ಮುಂದ ಅಂದಾರ."

ಅಂದದ್ದು ನಿಜ. ಹೋದ ತಿಂಗಳು ರಾಯಚೂರಿನಲ್ಲಿ ಯುದ್ಧಕ್ಕೆ ಹೋಗಿ ಬಂದವರನ್ನೂ ಬಾರದವರ ಮನೆಯವರನ್ನೂ ಕರೆಸಿ ಸಭೆ ಮಾಡಿದ್ದರು. ಕಾಲು ಕಳೆದುಕೊಂಡ ಒಬ್ಬ, ಪಿಂಚಣಿ ಬಾರದೆ ಕೂಗಾಡಿದ ಇನ್ನೊಬ್ಬ, ಕುರ್ಚಿಯ ಅಂಚಿನಲ್ಲಿ ಕುಳಿತ ಹೆಂಗಸರು. ಮೈಸೂರು ಕಡೆಯ ದೊಡ್ಡ ಅಧಿಕಾರಿಯೊಬ್ಬರು ಬಂಡೆಮ್ಮನಿಗೆ ಶಾಲು ಹೊದಿಸಿ, ಹಳ್ಳಿಯವರಿಗೆ ತಿಳಿಯಲೆಂದು ಸರಳ ಮಾತಿನಲ್ಲೇ ಭಾಷಣ ಮಾಡಿದರು. "ಈ ಮಣ್ಣಿಗಾಗಿ ಜೀವ ಕೊಟ್ಟವನಿಗೆ ಮಣ್ಣು ಕೊಡೋದು ಸರ್ಕಾರದ ಧರ್ಮ. ಬರೋ ತಿಂಗಳೇ ಕೊಡ್ತೀವಿ." ಜನ ಚಪ್ಪಾಳೆ ತಟ್ಟಿದರು. ಬಂಡೆಮ್ಮ ತಟ್ಟಲಿಲ್ಲ. ಅವಳ ಸೀಮೆಯಲ್ಲಿ ಮಣ್ಣು ಕೊಡುವುದೆಂದರೆ ಒಂದೇ ಅರ್ಥ, ಹೆಣ ಹೂಳುವುದು. ಅಂತೂ ಸರ್ಕಾರದವರು ಹುಡುಗನನ್ನು ನೀರಿನಿಂದ ತೆಗೆದರು ಎಂದುಕೊಂಡಳು. ಮರುದಿನವೇ ಊರೂರಿಗೆ ಹೇಳಿಕಳಿಸಿದಳು.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಜಂಬಣ್ಣನಿದ್ದ ಹಡಗನ್ನು ನೀರೊಳಗಿನಿಂದ ಬಂದ ಇನ್ನೊಂದು ಹಡಗು ಹೊಡೆದು ಮುಳುಗಿಸಿತ್ತು. ಅಂಥದ್ದು ಬರುತ್ತಿದೆಯೇ ಎಂದು ಕಿವಿಗೊಟ್ಟು ಕೂರುವುದೇ ಅವನ ಕೆಲಸವಾಗಿತ್ತು. ಕೊನೆಯ ಸಲ ರಜೆಗೆ ಬಂದಾಗ ಕುರಿಹಟ್ಟಿಯಲ್ಲಿ ಕೂತು ಅವ್ವನಿಗೆ ಬಿಡಿಸಿ ಹೇಳಿದ್ದ.

"ಹಡಗದ ತಳದಾಗ ಒಂದು ಯಂತ್ರ ಇರ್ತದಬೇ. ನೀರಾಗ ಟಣ್ ಅಂತ ಕೂಗ್ತದ. ಕೆಳಗ ಏನರ ಇದ್ರ ಕೂಗು ಬಡಿದು ತಿರುಗಿ ಬರ್ತದ."

"ಗುಡ್ಡದ ಮುಂದ ನಾವು ಕೂಗಿದ್ಹಾಂಗ."

"ಹಾಂಗೇ."

"ಇಷ್ಟಕ್ಕ ನಿನಗ ಪಗಾರ ಕೊಡ್ತಾರೇನೋ? ನಿಮ್ಮಪ್ಪ ಹುಟ್ಟಿದಾಗಿಂದ ಪುಕ್ಕಟೆ ಕೂಗಾಕತ್ತ್ಯಾನ."

ಅವನು ನಕ್ಕಿದ್ದ. ಹೋಗುವಾಗ ತನ್ನ ಕರಿ ಕಂಬಳಿ ಮಾತ್ರ ಒಯ್ಯಲಿಲ್ಲ. ಕುರಿ ವಾಸನೆ ಬರುತ್ತದೆಂದು ಜೊತೆಗಾರರು ಆಡಿಕೊಳ್ಳುತ್ತಾರೆ ಎಂದಿದ್ದ. ಈಗ ಹೆಣಕ್ಕೆ ಹೊದಿಸಲೆಂದು ಬಂಡೆಮ್ಮ ಅದನ್ನೇ ತಂದಿದ್ದಳು.

ನಬೀಸಾಬ್ ಬಿಳಿ ಬಟ್ಟೆಯನ್ನು ನೋಡಿದರು, ಗುದ್ದಲಿಯನ್ನು ನೋಡಿದರು. ಅವರಿಗೆ ತಿಳಿಯಿತು. ಹಾರಿಕೆ ಮಾತು ಆಡಲಿಲ್ಲ.

"ಯವ್ವಾ, ಅವ್ರು ಮೈಸೂರು ಕಡಿಯವ್ರು. ಅವ್ರ ಬಾಯಾಗ ಮಣ್ಣು ಅಂದ್ರ ಹೊಲ. ನಿನಗ ನಾಕ ಎಕರೆ ಜಮೀನು ಕೊಡ್ತಾರ. ಹೆಣ ಅಲ್ಲ."

"ಹೆಣ ಎಲ್ಲದ ಹಂಗಾರ?"

"ಸಮುದ್ರದ ತಳದಾಗ, ಹಡಗದ ಕೂಡ. ಅದನ್ನ ತೆಗಿಯಾಕ ಆಗೂದಿಲ್ಲಂತ."

ಕರೆಮ್ಮ ಸೆರಗು ಕೊಡವಿ ಎದ್ದಳು. "ಹೊಲ ನೋಡಾಕ ಕರಿಸೀಯೇನ ನನ್ನ? ಮರಿ ಹಾಕೂ ಕುರಿ ಬಿಟ್ಟು ಬಂದೀನಿ. ದಾರಿಗುಂಟ ಅಳಕೋತ ಬಂದೀನಿ!" ಹಿಂದೆ ನಿಂತ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

ಒಳಗೆ ಗುಮಾಸ್ತ ಕಾಗದ ತುಂಬತೊಡಗಿದ. ಹೆಸರು, ಊರು. "ಮಕ್ಕಳೆಷ್ಟು?"

"ಮೂರು," ಎಂದಳು ಬಂಡೆಮ್ಮ.

"ಒಬ್ಬ ಸತ್ತಾನ ಅಂತ ಜಮೀನು ಕೊಡಾಕತ್ತೀವಿ. ನೀ ನೋಡಿದ್ರ ಮೂರು ಅಂತಿ."

"ನಾ ನೋಡಿಲ್ಲ."

ಗುಮಾಸ್ತ ಹಣೆ ಚಚ್ಚಿಕೊಂಡ. ಅದು ಮೊಂಡುತನವಲ್ಲ, ಕುರಿಯವರ ರೂಢಿ. ಸಂಜೆ ಹಟ್ಟಿಗೆ ಒಂದು ಕುರಿ ಬಾರದಿದ್ದರೆ ಅದನ್ನು ಲೆಕ್ಕದಿಂದ ತೆಗೆಯುವುದಿಲ್ಲ. ತೋಳ ತಿಂದ ಎಲುಬೋ, ತೊಗಲೋ, ಕೊರಳ ಗಂಟೆಯೋ ಸಿಗುವವರೆಗೆ ಅದು ಬರಬೇಕಾದ ಕುರಿ. ನಬೀಸಾಬ್ ಆ ಸಾಲನ್ನು ಖಾಲಿ ಬಿಡಲು ಸನ್ನೆ ಮಾಡಿ, ಕಾಗದವನ್ನು ಜೇಬಿಗಿಟ್ಟುಕೊಂಡು ಹೊಲ ತೋರಿಸಲು ತಾವೇ ಬಂಡಿ ಹತ್ತಿದರು.

ಹೊಲ ಗುಡ್ಡದ ಬುಡದಲ್ಲಿತ್ತು. ಕಲ್ಲು, ಜಾಲಿ, ನಡುನಡುವೆ ಕೆಂಪು ನೆಲ. ಆದರೂ ಬಂಡೆಮ್ಮನ ತಮ್ಮ ಹನುಮಂತ್ರಾಯ ಬಗ್ಗಿ ಮಣ್ಣು ಹಿಡಿದು ತಿಕ್ಕಿ ನೋಡಿ ತಲೆದೂಗಿದ. ಮಾನ್ವಿ ಕಡೆ ಕಾಲುವೆ ಬಂದು ಬೀಳು ನೆಲವೆಲ್ಲ ನೆಲ್ಲಿನ ಗದ್ದೆಯಾದ ಮೇಲೆ ಮಾಳಿಂಗಪ್ಪನ ಕುರಿಗೆ ಮೇವಿರಲಿಲ್ಲ. ಉಳಿದಿಬ್ಬರು ಗಂಡುಮಕ್ಕಳು ಪೋತ್ನಾಳದಲ್ಲಿ ಕಂಡವರ ಗದ್ದೆಗೆ ಕೂಲಿ ಹೋಗುತ್ತಿದ್ದರು.

ಬಂಡೆಮ್ಮ ಹೊಲದ ನಡುವೆ ಹೋಗಿ ನಿಂತಳು. "ಇಲ್ಲೇ ಅಗೀರಿ. ಈ ಕಂಬಳಿಗಿ ಮಣ್ಣು ಕೊಡೂನು."

"ಕಂಬಳಿಗಿ ಮಣ್ಣು ಕೊಡೂದು ಯಾವ ಪದ್ಧತಿಬೇ?" ಎಂದಳು ಕರೆಮ್ಮ.

"ಕುರಿ ಸಿಗದಿದ್ರ ಕೊರಳ ಗಂಟಿಗಿ ಲೆಕ್ಕ ಮುಗಸ್ತೀವಿಲ್ಲೋ?"

ನಬೀಸಾಬ್ ಅಡ್ಡ ಬಂದರು. "ಯವ್ವಾ, ಈ ಜಮೀನು ಸಾಗುವಳಿಗಿ ಕೊಟ್ಟದ್ದು. ಇದರಾಗ ಹೂಳಿ ಗ್ವಾರಿ ಎಬ್ಬಿಸಿದ್ರಿ ಅಂದ್ರ ಪಟ್ಟಾ ರದ್ದಾಗ್ತದ. ನಾ ಮಾಡ್ಲಿಲ್ಲಂದ್ರ ನನ್ನ ಹಿಂದ ಬರಾವ ಮಾಡ್ತಾನ."

"ಅಕ್ಕಾ, ಸುಮ್ನ ಬಾ," ಎಂದ ಹನುಮಂತ್ರಾಯ. "ಸತ್ತವನ ಸಲುವಾಗಿ ಇದ್ದವರ ಬಾಯಿಗಿ ಮಣ್ಣು ಹಾಕಬ್ಯಾಡ."

ಅವಳು ಗಂಡನ ಕಡೆ ನೋಡಿದಳು. ಮಾಳಿಂಗಪ್ಪ ಗುಡ್ಡ ನೋಡುತ್ತಿದ್ದ. ದೂರದಲ್ಲಿ ಯಾರೋ ಕುರಿ ಕಾಯುವವನು ಹೋಯ್ ಎಂದು ಕೂಗಿದ. ಕೂಗು ಗುಡ್ಡಕ್ಕೆ ಬಡಿದು ತಿರುಗಿ ಬಂತು. ಬಂಡೆಮ್ಮ ಅದು ಪೂರಾ ಅಡಗುವವರೆಗೆ ಕಿವಿಗೊಟ್ಟು ನಿಂತಿದ್ದಳು.

"ಗ್ವಾರಿ ಬ್ಯಾಡ," ಎಂದಳು. "ಕಲ್ಲೂ ಬ್ಯಾಡ. ಗುರುತೇ ಬ್ಯಾಡ. ಮ್ಯಾಲ ನೇಗಿಲು ಹೊಡೀಲಿ. ಮಣ್ಣೊಂದು ಆಗ್ಲಿ."

"ಗುರುತಿಲ್ಲಂದ್ರ ಹಬ್ಬಕ್ಕ ಎಡಿ ಎಲ್ಲಿ ಇಡ್ತಿ?" ಎಂದ ಮಾಳಿಂಗಪ್ಪ. ಬೆಳಗಿನಿಂದ ಅವನು ಹೆಂಡತಿಯೊಡನೆ ಆಡಿದ ಮೊದಲ ಮಾತು ಅದು.

"ಬದುವಿನ ಮ್ಯಾಲ ನಿಂತು ಹೊಲಕ್ಕೆಲ್ಲ ಇಡ್ತೀನಿ."

ನಬೀಸಾಬ್ ಕೊಡೆಯನ್ನು ಬಗಲಿಗೆ ಸಿಕ್ಕಿಸಿಕೊಂಡರು. "ನಾ ಆ ಮೂಲ್ಯಾಗಿನ ಗಡಿಕಲ್ಲು ನೋಡಿ ಬರ್ತೀನಿ. ನೀವು ಅಷ್ಟರಾಗ ಹೊಲ್ದಾನ ಕಲ್ಲು ತೆಗೀರಿ. ಕಲ್ಲು ತೆಗಿಯಾಕ ನೆಲ ಅಗಿಯೂದು ಸಾಗುವಳಿನೇ." ಅವರು ಹೋಗಿ, ಗಡಿಕಲ್ಲಿನ ಬಳಿ ಇತ್ತ ಬೆನ್ನು ಮಾಡಿ ಕುಳಿತರು.

ನೆಲ ಗಟ್ಟಿಯಿತ್ತು. ಗಂಡಸರು ಬದಲಾಯಿಸಿಕೊಂಡು ಅಗಿದರು. ಬಂಡೆಮ್ಮ ಕಂಬಳಿಯನ್ನು ಆಳಿನ ಉದ್ದಕ್ಕೆ ಮಡಿಚಿ, ಬೀಗರ ಬಿಳಿ ಬಟ್ಟೆಯಲ್ಲಿ ಸುತ್ತಿ, ಭಂಡಾರ ಹಚ್ಚಿ ಕೊಟ್ಟಳು. ಅದನ್ನು ಇಳಿಸುವಾಗ ಹನುಮಂತ್ರಾಯ ಅಭ್ಯಾಸಬಲದಿಂದ "ತಲಿ ಕಡೆ ಹುಷಾರು" ಎಂದುಬಿಟ್ಟ. ಯಾರೂ ನಗಲಿಲ್ಲ. ಮಾಳಿಂಗಪ್ಪ ಮೊದಲ ಹಿಡಿ ಹಾಕಿದ. ಆಮೇಲೆ ಅವಳು. ಆಮೇಲೆ ಎಲ್ಲರೂ. ಕರೆಮ್ಮ ಈಗ ಹಾಡಿಲ್ಲದೆ ಅಳುತ್ತಿದ್ದಳು.

ಮಣ್ಣು ಉಬ್ಬಿ ನಿಂತಿತು. ಹಟ್ಟಿಯ ನೆಲ ಸಮ ಮಾಡುವಾಗ ಮಾಡುವಂತೆ ಬಂಡೆಮ್ಮ ಅದರ ಮೇಲೆ ಹಿಂದೆ ಮುಂದೆ ನಡೆದು ತುಳಿದಳು. ಉಳಿದ ಹೆಂಗಸರೂ ಬಂದು ತುಳಿದರು. ಕೊನೆಗೆ ಅಲ್ಲಿ ತುಸು ಬಣ್ಣ ಬೇರೆಯಾದ ಒಂದು ಪಟ್ಟಿ ಬಿಟ್ಟರೆ ಏನೂ ಉಳಿಯಲಿಲ್ಲ. ಒಣಗಿದರೆ ಅದೂ ಇರುವುದಿಲ್ಲ.

ನಬೀಸಾಬ್ ಎದ್ದು ಬಂದು ಆ ಪಟ್ಟಿಯನ್ನು ಬಳಸಿಕೊಂಡು ದಾಟಿದರು. ಜೇಬಿನಿಂದ ಕಾಗದ ತೆಗೆದು ಪೆನ್ನಿನ ಟೋಪಿ ಬಿಚ್ಚಿದರು.

"ಯವ್ವಾ, ಮಕ್ಕಳ ಲೆಕ್ಕ ಬಾಕಿ ಉಳದದ. ಏನು ಬರೀಲಿ?"

ಬಂಡೆಮ್ಮ ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡಳು.

"ಇದ್ದದ್ದು ಮೂರು," ಎಂದಳು. "ಹೋದದ್ದು ಒಂದು."