ಯಾರೂ ತಡೆಯದ ಓಟ

ಹದಿನಾಲ್ಕು ವರ್ಷದಿಂದ ತಲೆ ತಗ್ಗಿಸಿಕೊಂಡು ಊರವರ ಬಾಯಿಗೆ ಹಲ್ಲು ಮಾಡಿಕೊಡುತ್ತಿದ್ದವಳಿಗೆ ಮೂವತ್ತಾರನೇ ವಯಸ್ಸಿನಲ್ಲಿ ಓಡಿಹೋಗುವ ಹುಚ್ಚು ಹಿಡಿಯಿತು.

ಅವಳ ಕೆಲಸ ಒಂದು ಹಳೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ದಂತವೈದ್ಯರು ಕಳಿಸುವ ಅಚ್ಚುಗಳನ್ನು ನೋಡಿ ಕಟ್ಟುಹಲ್ಲಿನ ಸೆಟ್ ತಯಾರಿಸುವುದು. ಸಂಜೆ ಹೊತ್ತಿಗೆ ಹುಬ್ಬಿನ ತನಕ ಪ್ಲಾಸ್ಟರ್ ಪುಡಿ. ಹಿಂದಿನ ವರ್ಷ ಒಂದು ದಿನ ಹನ್ನೆರಡು ಸೆಟ್ ಹಲ್ಲು ಹಿಡಿದುಕೊಂಡು ಇಳಿಯುವಾಗ ಲಿಫ್ಟು ಎರಡು ಮಹಡಿಗಳ ನಡುವೆ ಕೈಕೊಟ್ಟಿತು. ಮುಕ್ಕಾಲು ಗಂಟೆ ಬಿಟ್ಟು ಮೆಕ್ಯಾನಿಕ್ ಬಂದು ಬಾಗಿಲು ಸರಿಸಿ ಬಗ್ಗಿ ನೋಡಿದರೆ, ಪೆಟ್ಟಿಗೆ ಬಿದ್ದು ನೆಲದ ತುಂಬಾ ಹಲ್ಲು, ಮೂಲೆಯಲ್ಲಿ ಅಳುತ್ತಾ ಕೂತ ಇವಳು.

"ಇಷ್ಟು ಜನ ನಗ್ತಾ ಇದಾರೆ, ನೀವೊಬ್ರೇ ಯಾಕ್ರೀ ಅಳ್ತೀರಾ?" ಎಂದ.

ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಲಿಫ್ಟು ಆಮೇಲೆ ವಾರಕ್ಕೆರಡು ಸಲ ಕೆಡತೊಡಗಿತು.

ಮದುವೆಯೇನೋ ಸರಿ, ಆದರೆ ಮದುವೆಮನೆ ಬೇಡ ಎಂದು ಅವಳು ಹಟ ಹಿಡಿದಳು. ಅಣ್ಣನ ಮದುವೆಗೆ ಒಂಬೈನೂರು ಜನ ಬಂದಿದ್ದರು. ಫೋಟೋದಲ್ಲಿ ಮುಂದಿನ ಸಾಲು ಯಾರದ್ದು ಎಂಬ ಜಗಳದಲ್ಲಿ ಸೋದರತ್ತೆಗೂ ಚಿಕ್ಕಮ್ಮನಿಗೂ ಮಾತು ನಿಂತು ಏಳು ವರ್ಷವಾಗಿದೆ. ಅತ್ತಿಗೆ ಪಾಪ, ತನ್ನ ಮದುವೆಯ ಊಟ ಉಂಡದ್ದು ಮಾರನೇ ದಿನ, ತಣ್ಣಗೆ. "ಹಾಗಾದ್ರೆ ಓಡಿಹೋಗೋಣ" ಎಂದ ಮೆಕ್ಯಾನಿಕ್, ಬೋಲ್ಟು ಬಿಗಿಮಾಡೋಣ ಎನ್ನುವ ಧಾಟಿಯಲ್ಲಿ.

ಮೂರು ಗಂಟೆಯ ದಾರಿಯಾಚೆ ಬೆಟ್ಟದ ಸಂದಿಯಲ್ಲಿ ಒಂದು ಜಲಪಾತ, ಅದರ ಬುಡದಲ್ಲಿ ಹಾಸುಬಂಡೆ. ಅಲ್ಲೇ ಮದುವೆ ಎಂದು ತೀರ್ಮಾನವಾಯಿತು. ಮದುವೆ ನೋಂದಾಯಿಸುವ ಅಧಿಕಾರಿಯೂ ಬರಲು ಒಪ್ಪಿದರು. ನಿವೃತ್ತಿಗೆ ನಾಲ್ಕು ತಿಂಗಳಿತ್ತು, ಆ ಜಲಪಾತವನ್ನು ಅವರೂ ನೋಡಿರಲಿಲ್ಲ. ಸಾಕ್ಷಿಗಳಾಗಿ ಮೆಕ್ಯಾನಿಕ್‌ನ ಇಬ್ಬರು ಗೆಳೆಯರು. ದಿನ ಗುರುವಾರ. ಮನೆಯಲ್ಲಿ ಹೇಳುವ ಸುಳ್ಳು, ದಂತವೈದ್ಯರ ಸಮ್ಮೇಳನ. ಸಿಕ್ಕಿಬಿದ್ದರೆ ಇರಲಿ ಎಂದು "ನನ್ನ ಜೀವನ ನನ್ನದು" ಎಂದು ಶುರುವಾಗುವ ಒಂದು ಭಾಷಣವನ್ನೂ ಅವಳು ಬಾಯಿಪಾಠ ಮಾಡಿಟ್ಟುಕೊಂಡಳು.

ಬುಧವಾರ ಸಂಜೆ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಗ ಅಮ್ಮ ಬಂದು ನಿಂತಳು.

"ಆ ಚಪ್ಪಲಿ ಬೇಡ ಕಣೆ. ಬಂಡೆ ಮೇಲೆ ಜಾರುತ್ತೆ."

"ಸಮ್ಮೇಳನದಲ್ಲಿ ಬಂಡೆ ಎಲ್ಲಿಂದ ಬರುತ್ತಮ್ಮಾ?"

"ಜಲಪಾತದ ಬಂಡೆ. ಬಚ್ಚಲಲ್ಲಿ ಕೂತು ಫೋನಲ್ಲಿ ಪಿಸುಗುಟ್ಟಿದ್ರೆ ಗೊತ್ತಾಗಲ್ಲ ಅನ್ಕೊಂಡ್ಯಾ? ನಮ್ಮ ಬಚ್ಚಲು ಮೈಕ್ ಇದ್ದ ಹಾಗೆ."

ಬಾಯಿಪಾಠ ಮಾಡಿದ್ದು ನಾಲಿಗೆ ತುದಿಗೆ ಬಂತು. "ನನ್ನ ಜೀವನ..." ಎನ್ನುವಷ್ಟರಲ್ಲಿ ಅಮ್ಮ ನಿಟ್ಟುಸಿರು ಬಿಟ್ಟಳು. "ಪುಣ್ಯ ಕಟ್ಕೊಂಡೆ ಮಗಳೇ. ಇನ್ನೊಂದು ಮದುವೆ ಮಾಡೋ ತ್ರಾಣ ನಂಗಿರ್ಲಿಲ್ಲ. ನನ್ನ ಮದುವೆ ಗಲಾಟೆಲಿ ನಿಮ್ಮಪ್ಪನ ಮುಖ ನಾನು ನೆಟ್ಟಗೆ ನೋಡಿದ್ದೇ ಮೂರನೇ ದಿನ."

ಪೇಪರಿನ ಹಿಂದಿನಿಂದ ಅಣ್ಣನ ದನಿ ಬಂತು: "ಗುರುವಾರನೇ ಒಳ್ಳೇದು ಬಿಡು. ಟ್ರಾಫಿಕ್ ಕಮ್ಮಿ."

ಅವಳ ಪಿತ್ತ ನೆತ್ತಿಗೇರಿತು. ಬಚ್ಚಲಿಗೆ ಹೊರಟವಳು ನೆನಪಾಗಿ ತಾರಸಿ ಹತ್ತಿ ಫೋನ್ ಮಾಡಿದಳು.

"ಇವ್ರು ಯಾರೂ ತಡೀತಾನೇ ಇಲ್ಲ ಕಣ್ರೀ!"

"ಒಳ್ಳೇದಾಯ್ತಲ್ಲ."

"ಏನು ಒಳ್ಳೇದು? ತಡೆಯೋರಿಲ್ದೆ ಹೋದ್ರೆ ಅದು ಓಡಿಹೋಗೋದು ಹೇಗಾಗುತ್ತೆ? ಟೂರ್ ಆಗುತ್ತೆ!"

ಆದರೂ ಬೆಳಿಗ್ಗೆ ಆರಕ್ಕೆ ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಹೊರಟಳು. ಒಳಗೆ ಅಣ್ಣನ ಗೊರಕೆ. ಗೇಟನ್ನು ಎರಡು ಸಲ ಧಡಾರನೆ ಹಾಕಿದಳು. ಗೊರಕೆಯ ರಾಗ ಕೂಡ ಬದಲಾಗಲಿಲ್ಲ.

ಜಲಪಾತದ ಬಳಿ ಎಲ್ಲವೂ ಅಂದುಕೊಂಡ ಹಾಗೇ ಇತ್ತು, ಸದ್ದೊಂದನ್ನು ಬಿಟ್ಟು. ಪಕ್ಕದಲ್ಲಿ ನಿಂತವರ ಮಾತು ಕೇಳಬೇಕಾದರೆ ಕಿವಿಗೆ ಬಾಯಿ ಹಚ್ಚಬೇಕು. ಸಾಕ್ಷಿಗಳಲ್ಲಿ ಒಬ್ಬನೇ ಬಂದಿದ್ದ. ಇನ್ನೊಬ್ಬನನ್ನು ಯಾವುದೋ ಆಸ್ಪತ್ರೆಯ ಕೆಟ್ಟ ಲಿಫ್ಟು ಹಿಡಿದಿಟ್ಟುಕೊಂಡಿತ್ತು. ಅಧಿಕಾರಿಗಳು ಪ್ಯಾಂಟು ಮಡಚಿ, ಬೂಟು ಕಳಚಿ, ನೀರಿಗೆ ಕಾಲು ಇಳಿಬಿಟ್ಟು, "ಹುಡುಗಿಯ ಜನನ ಪತ್ರ, ಗುರುತಿನ ಚೀಟಿ ಎಲ್ಲಿ?" ಎಂದು ಕೂಗಿದರು.

ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಬಾಚಣಿಗೆ ಬಿತ್ತು, ಕನ್ನಡಿ ಬಿತ್ತು, ಯಾರದೋ ಕೆಳದವಡೆಯ ಸೆಟ್ಟೂ ಬಿತ್ತು. ಕಾಗದ ಮಾತ್ರ ಇಸ್ತ್ರಿ ಮೇಜಿನ ಮೇಲೆ ಆರಾಮಾಗಿ ಉಳಿದಿತ್ತು.

"ಕಾಗದ ಇಲ್ದೆ ನಾನು ಜಲಪಾತ ನೋಡ್ಬಹುದಮ್ಮ, ಮದುವೆ ಮಾಡ್ಸಕ್ಕಾಗಲ್ಲ" ಎಂದರು ಅವರು. ಎರಡು ಗಂಟೆಗೆ ಹಿಂತಿರುಗಬೇಕು ಎಂದೂ ಸೇರಿಸಿದರು.

ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಮೇಲಿನ ಮೆಟ್ಟಿಲುಗಳಲ್ಲಿ ಒಂದು ಆಕೃತಿ ಕಂಡಿತು. ಹೆಲ್ಮೆಟ್ ತೆಗೆಯದೆ, ಕೈ ಬೀಸುತ್ತಾ, ಏನೋ ಅರಚುತ್ತಾ ಓಡಿ ಬರುತ್ತಿದೆ. ಅಣ್ಣ!

"ಬಂದ!" ಎಂದು ಅವಳು ಎದ್ದು ನಿಂತಳು. ಮುಖ ಊರಗಲವಾಯಿತು. "ನೋಡಿ, ತಡೆಯಕ್ಕೆ ಬಂದ!"

ಮೆಕ್ಯಾನಿಕ್ ಅವಳ ಮುಂದೆ ಬಂದು ನಿಂತು, ಅಭ್ಯಾಸಬಲದಿಂದ ಸ್ಪ್ಯಾನರಿಗಾಗಿ ಜೇಬು ತಡವಿದ.

ಅಣ್ಣ ಏದುಸಿರು ಬಿಡುತ್ತಾ ಬಂದವನೇ ಅಂಗಿಯೊಳಗಿಂದ ಒಂದು ಲಕೋಟೆ ಎಳೆದು ಅವಳ ಕೈಗೆ ತುರುಕಿದ. "ಮರೆಗುಳಿ! ಓಡಿಹೋಗಕ್ಕೂ ನೆಟ್ಟಗೆ ಬರಲ್ವಲ್ಲೇ ನಿಂಗೆ. ಅಮ್ಮ ಹಾಸಿಗೆಯಿಂದ ಎಬ್ಬಿಸಿ ಅಟ್ಟಿದ್ಳು. ಮೂರು ಗಂಟೆ ಸ್ಕೂಟರ್ ಓಡಿಸಿ ಸೊಂಟ ಬಿದ್ದುಹೋಯ್ತು."

"ಇಷ್ಟೇನಾ?"

"ಮತ್ತಿನ್ನೇನು?"

"ಬೇಡ ಅನ್ನೋ. ಒಂದೇ ಒಂದ್ಸಲ. ಬಾಯಿಮಾತಿಗಾದ್ರೂ."

ಅಣ್ಣ ಸುತ್ತ ನೋಡಿದ. ಇವಳಿಗೆ ನೆಟ್ಟಗಿಲ್ಲ ಎಂಬಂತೆ ಮೆಕ್ಯಾನಿಕ್‌ಗೆ ಕಣ್ಣು ಮಿಟುಕಿಸಿದ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ನಾಟಕದ ರಾಜನ ಗತ್ತಿನಲ್ಲಿ ಆರಂಭಿಸಿದ: "ಬೇಡ! ಹೋಗಬೇಡ! ನೀನು ಹೋದ್ರೆ ಬೆಳಿಗ್ಗೆ ನನ್ ಹತ್ರ ಪೇಪರ್‌ಗೆ ಜಗಳ ಆಡೋರು..."

ಅಷ್ಟಕ್ಕೇ ರಾಜನ ಗತ್ತು ಇಳಿದುಹೋಯಿತು. ಅವನಿಗೇ ಆಶ್ಚರ್ಯವಾದ ಹಾಗಿತ್ತು. ತಟ್ಟನೆ ತಿರುಗಿ, ನೀರು ಬೀಳುವುದನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಅವಳಿಗೆ ಬೇಕಿದ್ದದ್ದು ಸಿಕ್ಕಿತ್ತು, ಸಿಕ್ಕಿದ ಮೇಲೆ ಏನು ಮಾಡಬೇಕೆಂದು ಮಾತ್ರ ತಿಳಿಯಲಿಲ್ಲ. ಹೋಗಿ ಅವನ ತೋಳಿಗೆ ಹಣೆ ಹಚ್ಚಿ ನಿಂತಳು. "ಹೆಲ್ಮೆಟ್ ತೆಗಿಯೋ ಕೋತಿ" ಎಂದಳು.

ಮದುವೆ ಹತ್ತು ನಿಮಿಷದಲ್ಲಿ ಮುಗಿಯಿತು. "ಒಪ್ಪಿಗೆ ಇದೆಯಾ?" ಎಂದು ಅಧಿಕಾರಿಗಳು ಮೂರು ಸಲ ಕೂಗಿದರು, ಮೂರು ಸಲವೂ ಮದುಮಗ "ಏನು ಸಾರ್?" ಎಂದ. ಕೊನೆಗೆ ಅವಳೇ ಅವನ ಕಿವಿ ಹಿಂಡಿ "ಇದೆ ಅನ್ರೀ!" ಎಂದಳು. ಎರಡನೇ ಸಾಕ್ಷಿಯ ಜಾಗದಲ್ಲಿ ಅಣ್ಣ ಸಹಿ ಹಾಕಿದ.

ಮೇಲೆ ಹತ್ತಿ ಬಂದ ಮೇಲೆ ಅಣ್ಣನೇ ಮನೆಗೆ ಫೋನ್ ಮಾಡಿದ. "ಆಯ್ತಮ್ಮಾ" ಎಂದ. "ಎಲ್ರೂ ಊಟ ಮಾಡಿ" ಎಂದಷ್ಟೇ ಹೇಳಿ ಅಮ್ಮ ಇಟ್ಟುಬಿಟ್ಟಳು.

"ಅಳ್ತಿದ್ಳಾ?" ಎಂದು ಕೇಳಿದಳು ಅವಳು.

"ಮತ್ತೆ?" ಎಂದ ಅಣ್ಣ. "ನಡೀರಿ, ಹೋಟೆಲ್ ಎಲ್ಲಿದೆ ನೋಡೋಣ. ಹೊಟ್ಟೆ ತಾಳ ಹಾಕ್ತಿದೆ."