ಹತ್ತು ನಲವತ್ತರ ಬಾಗಿಲು

ಮೂವತ್ತೆಂಟು ವರ್ಷ ಕಂಡವರ ಬಾಗಿಲು ತೆಗೆದುಕೊಟ್ಟು ಬದುಕಿದ ಬೀಗದಣ್ಣ ತನ್ನ ಮನೆಗೆ ಮಾತ್ರ ಇಡೀ ಬೀದಿಯಲ್ಲೇ ಬಿಗಿಯಾದ ಬೀಗ ಹಾಕಿಕೊಂಡಿದ್ದ. ಅದನ್ನು ಅವನೇ ಬಿಚ್ಚಿ, ಗಟ್ಟಿ ಸ್ಪ್ರಿಂಗ್ ಕೂರಿಸಿ, ಮತ್ತೆ ಜೋಡಿಸಿದ್ದು. ಕೀಲಿ ಎರಡು ಸುತ್ತು ತಿರುಗಬೇಕು; ಎರಡನೆಯ ಸುತ್ತಿಗೆ ಮಣಿಕಟ್ಟಿನ ಬಲವೆಲ್ಲ ಬೇಕು. “ಕಳ್ಳ ಬಂದರೂ ನನ್ನನ್ನೇ ಕರೀಬೇಕು” ಎಂದು ಹೇಳಿ ತಾನೇ ನಗುತ್ತಿದ್ದ.

ಅವನ ಹೆಂಡತಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಲ್ಲಿದ್ದವಳು. ಆರು ವರ್ಷಗಳ ಹಿಂದೆ ಸಂಧಿವಾತ ಬೆರಳುಗಳಿಗೆ ಇಳಿಯಿತು. ಮೊದಲು ಸೂಜಿ ಕೈಬಿಟ್ಟಿತು, ಆಮೇಲೆ ಕತ್ತರಿ, ಆಮೇಲೆ ಡಬ್ಬಿಯ ಮುಚ್ಚಳ. ಬೀಗ ಬಿಗಿ ಎಂದು ಅವಳು ಎರಡು ಸಲ ಹೇಳಿದ್ದಳು. ಬೀಗದಣ್ಣ ಎರಡು ಸಲವೂ ಎಣ್ಣೆ ಬಿಟ್ಟ. ಬಿಗಿ ಇದ್ದದ್ದು ಬೀಗದಲ್ಲಿ ಮಾತ್ರ ಅಲ್ಲ, ಅವಳ ಬೆರಳಲ್ಲೂ ಎಂಬುದು ಅವನಿಗೆ ಹೊಳೆಯಲಿಲ್ಲ.

ಒಂದು ದಿನ ಅವನು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ ಬಾಗಿಲನ್ನು ಸರಿಮಾಡಿ ನಾಲ್ಕು ಗಂಟೆಗೆ ಮನೆಗೆ ಬಂದ. ಹೆಂಡತಿ ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ತರಕಾರಿ ಚೀಲ. ಕೀಲಿ ಬಾಗಿಲಲ್ಲೇ ನೇತಾಡುತ್ತಿತ್ತು, ಒಂದು ಸುತ್ತು ತಿರುಗಿ.

“ಎಷ್ಟೊತ್ತಿಂದ ಕೂತಿದ್ದೀಯ?”

“ಹನ್ನೆರಡೂವರೆ ಇರಬೇಕು.”

“ಫೋನ್ ಮಾಡೋಕೇನಾಗಿತ್ತು?”

“ನೀವು ಬೇರೆಯವರ ಬಾಗಿಲು ತೆಗೀತಾ ಇದ್ರಲ್ಲ” ಎಂದಳು ಅವಳು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನಿಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವನ ತಾಯಿ ಯಾರಿಗೋ ಅನ್ನುತ್ತಿದ್ದ ಮಾತು ಊಟಕ್ಕೆ ಕೂತಾಗ ನೆನಪಾಯಿತು. ಮರುದಿನ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿಯ ಮಗಳನ್ನು ಕರೆಸಿದ. ಫೋನಿನಿಂದ ತೆರೆಯುವ ಬೀಗದ ವಿಷಯ ಅವಳು ಹಿಂದೆ ಒಮ್ಮೆ ಎತ್ತಿದಾಗ, “ಅದು ಬೀಗ ಅಲ್ಲಮ್ಮ, ಆಟದ ಸಾಮಾನು” ಎಂದು ಬಾಯಿ ಮುಚ್ಚಿಸಿದ್ದವನೂ ಅವನೇ.

“ಈಗೇನು ಮಾವ, ಆಟ ಆಡೋಣ ಅನ್ನಿಸ್ತಾ?” ಎಂದಳು ತಂಗಿಯ ಮಗಳು.

ತನ್ನ ಸ್ಪ್ರಿಂಗನ್ನು ಬೀಗದಣ್ಣ ತಾನೇ ಬಿಚ್ಚಿದ. ಬಾಗಿಲಿನ ಒಳಮೈಗೆ ಮುಷ್ಟಿ ಗಾತ್ರದ ಮೋಟಾರು ಪೆಟ್ಟಿಗೆ ಕೂರಿಸಿದ. ಗುಂಡು ಹಿಡಿಕೆ ತೆಗೆದು, ಮೊಣಕೈಯಿಂದ ಒತ್ತಿದರೂ ಇಳಿಯುವ ಉದ್ದ ಹಿಡಿಕೆ ಹಾಕಿದ. ತಂಗಿಯ ಮಗಳು ಇಬ್ಬರ ಫೋನಿಗೂ ಅದನ್ನು ಜೋಡಿಸಿದಳು. “ಅತ್ತೆ, ಫೋನ್ ಚೀಲದಲ್ಲಿ ಇದ್ರೆ ಸಾಕು. ನೀವು ಬಾಗಿಲ ಹತ್ರ ಬಂದ ಕೂಡಲೆ ಅದೇ ತೆಗೆಯುತ್ತೆ. ಒಳಗೆ ಹೋದ್ಮೇಲೆ ಅದೇ ಹಾಕ್ಕೊಳ್ಳುತ್ತೆ.”

ಹೆಂಡತಿ ಹೊರಗೆ ಹೋಗಿ ಬಂದಳು. ಕರ್ರ್ ಎಂದು ಬೀಗ ತಿರುಗಿತು. ಮತ್ತೊಮ್ಮೆ ಹೋಗಿ ಬಂದಳು. ನಾಲ್ಕನೆಯ ಸಲ ಕೆಳಗಿನ ಮಹಡಿಯವರೆಗೂ ಇಳಿದು ಹತ್ತಿ ಬಂದಳು. ಬೀಗದಣ್ಣ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಮದುವೆಯಾದ ಹೊಸತರಲ್ಲೂ ಅವಳು ಇಷ್ಟು ಸಲ ಅವನ ಮನೆಯೊಳಗೆ ಕಾಲಿಟ್ಟಿರಲಿಲ್ಲ.

ಬಾಗಿಲು ತೆರೆದಾಗಲೆಲ್ಲ ಯಾರಿಗೆ, ಎಷ್ಟು ಹೊತ್ತಿಗೆ ತೆರೆಯಿತು ಎಂಬುದು ಬೀಗದಣ್ಣನ ಫೋನಿನಲ್ಲಿ ಸಾಲಾಗಿ ಮೂಡುತ್ತಿತ್ತು. ಬೀಗದ ಒಡೆಯ ಎಂದು ಅವನ ಹೆಸರನ್ನೇ ಹಾಕಿದ್ದರಿಂದ ಆ ಪಟ್ಟಿ ಅವನಿಗೆ ಮಾತ್ರ ಕಾಣುತ್ತಿತ್ತು. ಮೊದಲ ವಾರ ಅದನ್ನು ಕಸುಬಿನವನ ಕಣ್ಣಿಂದ ನೋಡಿದ: ಮೋಟಾರು ತಡಮಾಡುತ್ತಿದೆಯೇ, ಸುಮ್ಮಸುಮ್ಮನೆ ತೆರೆಯುತ್ತಿದೆಯೇ ಎಂದು. ಎರಡನೆಯ ವಾರ ಬೇರೆ ಏನೋ ಕಂಡಿತು. ಮಂಗಳವಾರ ಹತ್ತು ನಲವತ್ತಕ್ಕೆ ಹೆಂಡತಿ ಹೊರಗೆ, ಒಂದು ಹತ್ತಕ್ಕೆ ಒಳಗೆ. ಶುಕ್ರವಾರವೂ ಅದೇ. ಮುಂದಿನ ಮಂಗಳವಾರವೂ ಅದೇ.

ಆ ಸಂಜೆ ಕೇಳಿದ: “ಇವತ್ತೇನು ಮಾಡ್ದೆ?”

“ಏನ್ ಮಾಡೋದು, ಮನೇಲೇ ಇದ್ದೆ.”

ಅವನಿಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಆಸ್ಪತ್ರೆ ಎಂದುಕೊಂಡ, ದೊಡ್ಡದೇನೋ ಇದೆ, ಹೇಳುತ್ತಿಲ್ಲ. ಕೆಲಸ ಕಲಿಸಿದ ಗುರು ಮೊದಲ ದಿನವೇ ಹೇಳಿದ್ದ: ಬಾಗಿಲು ತೆರೆದುಕೊಂಡಿತೋ, ಬೆನ್ನು ತಿರುಗಿಸಿ ನಿಲ್ಲು, ಒಳಗಿರೋದು ನಿನ್ನದಲ್ಲ. ಸಾವಿರಾರು ಮನೆಗಳಲ್ಲಿ ಬೀಗದಣ್ಣ ಹಾಗೇ ನಿಂತಿದ್ದ. ಈಗ ಅಂಗಡಿಯಲ್ಲಿ ಕೀಲಿಗೆ ಅರ ಉಜ್ಜುತ್ತ ಅರ್ಧ ಗಂಟೆಗೊಮ್ಮೆ ಫೋನು ತೆಗೆದು ತನ್ನ ಮನೆಯೊಳಗೆ ಇಣುಕುತ್ತಿದ್ದ. ಎರಡು ಕೀಲಿ ಹಾಳಾದವು.

ಶುಕ್ರವಾರ ಅಂಗಡಿ ಮುಚ್ಚಿ, ಮನೆಯೆದುರಿನ ಬಸ್ ನಿಲ್ದಾಣದ ಕಂಬದ ಮರೆಗೆ ನಿಂತ. ಹೆಂಡತಿ ಹೆಗಲಿಗೆ ಬಟ್ಟೆ ಚೀಲ ಹಾಕಿಕೊಂಡು ಇಳಿದು ಬಂದಳು. ಅವಳು ಹತ್ತಿದ ಬಸ್ಸಿನ ಹಿಂದಿನ ಬಾಗಿಲಿಂದ ಅವನೂ ಹತ್ತಿದ. ಆರನೆಯ ನಿಲ್ದಾಣದಲ್ಲಿ ಇಳಿದು ಅವಳು ಹೋದದ್ದು ನಗರಸಭೆಯ ಈಜುಕೊಳದ ಕಟ್ಟಡಕ್ಕೆ.

ನೋಡುವವರು ನಿಲ್ಲುವ ಕಡೆ ದೊಡ್ಡ ಗಾಜಿತ್ತು. ಸಣ್ಣ ಕೊಳದಲ್ಲಿ ಬಿಸಿನೀರು. ಗಾಜಿನ ಮೇಲೆಲ್ಲ ಹಬೆ. ಎಂಟು ಹತ್ತು ಮಂದಿ ವಯಸ್ಸಾದವರು ಎದೆಮಟ್ಟ ನೀರಲ್ಲಿ ಸಾಲಾಗಿ ನಿಂತಿದ್ದರು. ಹೆಂಡತಿ ಕೊನೆಯವಳು, ತಲೆಗೆ ನೀಲಿ ಟೋಪಿ. ಕಲಿಸುವ ಹುಡುಗಿ ಎಣಿಸುತ್ತಿದ್ದಂತೆ ಎಲ್ಲರೂ ನೀರೊಳಗೆ ಬೆರಳು ಮಡಚಿ ಬಿಡಿಸಿದರು. ಆಮೇಲೆ ಅವಳು ಅಂಗಾತ ಮಲಗಿ ಎರಡೂ ಕೈ ಚಾಚಿದಳು. ನೀರು ಅವಳನ್ನು ಹೊತ್ತುಕೊಂಡಿತು. ಪಕ್ಕದವಳು ಏನೋ ಹೇಳಿದಳು, ಇಬ್ಬರೂ ನಕ್ಕರು. ಬೀಗದಣ್ಣನಿಗೆ ಗಾಜಿನ ಈಚೆ ಏನೂ ಕೇಳಲಿಲ್ಲ. ಅಂಗೈಯಿಂದ ಹಬೆ ಒರೆಸಿ ಇನ್ನಷ್ಟು ಹೊತ್ತು ನಿಂತು, ಅವಳು ಹೊರಬರುವ ಮುಂಚೆ ಅಂಗಡಿಗೆ ಹೊರಟುಹೋದ.

ಸಂಜೆ ಅವಳೇ ಮಾತು ತೆಗೆದಳು.

“ಗಾಜಿನ ಹತ್ರ ಯಾಕೆ ನಿಂತಿದ್ರಿ?”

“ಯಾರು, ನಾನಾ?” ಎಂದ ಬೀಗದಣ್ಣ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದೇ ಬಾಕಿ.

“ಸೊಂಟದಲ್ಲಿ ಕೀಲಿ ಗೊಂಚಲು ಇಟ್ಕೊಂಡು ಈಜುಕೊಳಕ್ಕೆ ಇನ್ಯಾರು ಬರ್ತಾರೆ.”

ಅವನು ಪಟ್ಟಿಯ ವಿಷಯ ಹೇಳಿದ. ಫೋನು ತೆಗೆದು ತೋರಿಸಿದ. ಅವಳು ಮೊದಲ ಸಾಲಿಂದ ಕೊನೆಯ ಸಾಲಿನವರೆಗೂ ಓದಿದಳು.

“ಈ ಬೀಗ ಹಾಕಿದ್ದು ನಂಗೆ ಬಾಗಿಲು ತೆಗೆಯೋಕಾ, ನನ್ನ ಕಾಯೋಕಾ?”

“ಕಾಯಿಲೆ ಏನೋ ಅಂತ ಹೆದರಿದ್ದೆ. ನೀನು ಮನೇಲೇ ಇದ್ದೆ ಅಂದೆ.”

“ಅಂದೆ. ಹೇಳಿದ್ರೆ ನೀವು ಜಾರಿ ಬಿದ್ದೀಯ ಅಂತಿದ್ರಿ. ಈ ವಯಸ್ಸಲ್ಲಿ ಈಜೋ ಬಟ್ಟೆ ಬೇಕಾ ಅಂತಿದ್ರಿ. ಆರು ವರ್ಷ ಹೊರಗೆ ಹೋಗೋಕೆ ಮುಂಚೆ, ವಾಪಸು ಬಂದಾಗ ಬಾಗಿಲು ಯಾರು ತೆಗೀತಾರೆ ಅಂತ ಯೋಚಿಸ್ತಿದ್ದೆ. ಆ ಯೋಚನೆ ಹೋದ್ಮೇಲೆ, ಎಲ್ಲಿಗೆ ಅಂತ ಹೇಳಿ ಹೋಗ್ಬೇಕು ಅನ್ನಿಸ್ಲಿಲ್ಲ. ತಪ್ಪಿರಬಹುದು.”

ಜಾರಿ ಬಿದ್ದೀಯ ಎಂಬ ಮಾತು ಬೀಗದಣ್ಣನ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡ.

ಭಾನುವಾರ ತಂಗಿಯ ಮಗಳನ್ನು ಮತ್ತೆ ಕರೆಸಿದ. ಬೀಗದ ಒಡೆತನವನ್ನು ಹೆಂಡತಿಯ ಫೋನಿಗೆ ವರ್ಗಾಯಿಸಲು ಹೇಳಿದ. ಪಟ್ಟಿಯನ್ನು ಪೂರ್ತಿ ನಿಲ್ಲಿಸಬಹುದು ಎಂದು ಅವಳು ತಿಳಿಸಿದಾಗ, “ಅದು ನಿಮ್ಮತ್ತೆ ಇಷ್ಟ” ಎಂದ. ಹೆಂಡತಿ ಬೆರಳಿನ ಗೆಣ್ಣಿನಿಂದ ತಾನೇ ಒತ್ತಿ ಅದನ್ನು ನಿಲ್ಲಿಸಿದಳು. ಮೊದಲ ಸಲ ತಪ್ಪಿತು, ಎರಡನೆಯ ಸಲ ಸರಿಯಾಗಿ ಬಿತ್ತು.

“ಮಾವ, ಇನ್ಮೇಲೆ ಈ ಮನೆಗೆ ನೀವು ಅತಿಥಿ. ಇಲ್ಲಿ ಹಾಗೇ ಬರೆದಿದೆ” ಎಂದು ತಂಗಿಯ ಮಗಳು ಫೋನು ತೋರಿಸಿದಳು.

“ಹೊತ್ತಿಗೆ ಸರಿಯಾಗಿ ಊಟ ಹಾಕಿದ್ರೆ ಸಾಕು” ಎಂದ ಬೀಗದಣ್ಣ.

ಕೆಲವು ದಿನ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಫೋನಿನಲ್ಲಿ ನೋಡಲು ಏನೂ ಇರುತ್ತಿರಲಿಲ್ಲ. ಮಂಗಳವಾರ ಎಂದೂ ಇಲ್ಲದೆ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಹೆಂಡತಿಯ ಕೂದಲು ಇನ್ನೂ ಒದ್ದೆಯಿತ್ತು. ಅವನು ತಟ್ಟೆಯ ಮುಂದೆ ಕೂತು ಕೇಳಿದ: “ನೀರು ಹೇಗಿತ್ತು ಇವತ್ತು?”

“ಬಿಸಿ ಕಮ್ಮಿ” ಎಂದಳು. ಆಮೇಲೆ ಪಕ್ಕದಲ್ಲಿ ನಿಲ್ಲುವ ನಿವೃತ್ತ ಅಂಚೆಯಮ್ಮನ ಕಥೆ ಶುರುಮಾಡಿದಳು. ಆಕೆಗೆ ಮೂರು ತಿಂಗಳಾದರೂ ತೇಲಲು ಬರುವುದಿಲ್ಲವಂತೆ, ಈಜುವುದಕ್ಕಿಂತ ಹೆಚ್ಚು ಮಾತಾಡುತ್ತಾಳಂತೆ. ಕಥೆ ಉದ್ದವಿತ್ತು. ಬೀಗದಣ್ಣ ಅಂಗಡಿ ತೆರೆಯುವ ಹೊತ್ತು ಮೀರಿದರೂ ಏಳದೆ ಕೇಳಿದ.