ತೊಂಬತ್ತೊಂಬತ್ತು ಎಂದರೆ ಕಾಣಲಿಲ್ಲ

ನಾನೊಂದು ಕಂಪ್ಯೂಟರ್. ಎಲ್ಲಿ ಜೋಡಿಸಿದರೋ ನೆನಪಿಲ್ಲ. ಕಣ್ಣು ಬಿಟ್ಟದ್ದು ಖಗೋಳ ವಿಭಾಗದ ಒಂದು ಮೇಜಿನ ಕೆಳಗೆ. ಅಲ್ಲಿಂದ ಕಾಣುತ್ತಿದ್ದುದು ಮಂಗಳಗೌರಿಯ ಸವೆದ ಚಪ್ಪಲಿಗಳು. ಅವಳು ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು.

ನನಗೆ ಕೆಲಸ ಕಲಿಸಿದವಳು ಅವಳೇ. ಆಕಾಶದ ಚಿತ್ರಗಳಲ್ಲಿ ನಕ್ಷತ್ರವೂ ಚುಕ್ಕಿ, ಕ್ವೇಸಾರೂ ಚುಕ್ಕಿ. ಕ್ವೇಸಾರ್ ಎಂದರೆ ಬಹುದೂರದ ಗೆಲಾಕ್ಸಿಯೊಂದರ ಉರಿಯುವ ನಡುಭಾಗ. ಪ್ರತಿ ಚುಕ್ಕಿಯ ಹೊಳಪನ್ನು ಐದು ಬಣ್ಣದ ಗಾಜುಗಳ ಮೂಲಕ ಅಳೆದ ಐದು ಅಂಕಿಗಳು ನನಗೆ ಬರುತ್ತಿದ್ದವು. ಅದು ಕ್ವೇಸಾರ್ ಆಗಿರುವ ಸಂಭವ ಎಷ್ಟೆಂದು ನಾನು ಹೇಳಬೇಕು. ಇಪ್ಪತ್ತು ಲಕ್ಷ ಚುಕ್ಕಿಗಳನ್ನು ಹೀಗೆ ವಿಂಗಡಿಸಿದೆ. ಹೆಮ್ಮೆಪಟ್ಟೆ ಕೂಡ.

ಬೆಟ್ಟದ ಮೇಲಿನ ದೊಡ್ಡ ದೂರದರ್ಶಕ ಅವಳಿಗೆ ಒಂದೇ ಸಲ ಸಿಗುವುದಿತ್ತು. ಅದರಲ್ಲಿ ಪರೀಕ್ಷಿಸಲು ಹತ್ತು ಚುಕ್ಕಿಗಳ ಪಟ್ಟಿ ಕಳಿಸಬೇಕು. ಅವಳ ಪ್ರಬಂಧ ನಿಂತಿದ್ದುದೇ ಆ ಹತ್ತರ ಮೇಲೆ.

"ಸರ್, ಇದೊಂದನ್ನ ಸೇರಿಸ್ಲಾ?" ಎಂದು ಮಾರ್ಗದರ್ಶಕ ಇನಾಮದಾರರನ್ನು ಕೇಳಿದಳು. ಅವರು ಧಾರವಾಡದ ಕಡೆಯವರು.

"ಯಂತ್ರ ಏನಂತದ?"

"ಸೊನ್ನೆ ಅಂತಿದೆ. ಆದ್ರೆ ಚಿತ್ರ ನೋಡಿ ಸರ್, ಎಷ್ಟು ಕೆಂಪಗಿದೆ. ತುಂಬ ದೂರದ ಕ್ವೇಸಾರ್ ಇರಬಹುದು."

"ಕಣ್ಣಿಲೆ ನೋಡಿ ಹೇಳೂದಾದ್ರ ಇಷ್ಟೆಲ್ಲಾ ಲೆಕ್ಕ ಯಾಕ ಬೇಕಿತ್ತವಾ? ಕವಡಿ ಹಾಕಿ ಕಣಿ ಹೇಳಬಹುದಿತ್ತಲ್ಲ!"

ಇಬ್ಬರೂ ನಕ್ಕರು. ಅವಳ ನಗು ಬೇಗ ನಿಂತಿತು. ಆ ಚುಕ್ಕಿಯನ್ನು ತೆಗೆದು, ನಾನು ಸೂಚಿಸಿದ ಇನ್ನೊಂದನ್ನು ಸೇರಿಸಿದಳು.

ಹತ್ತೂ ಕ್ವೇಸಾರ್‌ಗಳೇ ಆದವು. ಹತ್ತೂ ಸಾಧಾರಣದವು. ಎಂಟು ತಿಂಗಳ ಮೇಲೆ ಬೇರೆ ದೇಶದ ತಂಡವೊಂದು ಆ ಕೆಂಪು ಚುಕ್ಕಿಯನ್ನು ಪ್ರಕಟಿಸಿತು. ಅಲ್ಲಿಯವರೆಗೆ ಸಿಕ್ಕ ಅತಿ ದೂರದ ಕ್ವೇಸಾರ್‌ಗಳಲ್ಲಿ ಅದೂ ಒಂದು.

ಆ ದಿನ ಅವಳು ನನ್ನೊಳಗಿನ ಸಾಲುಗಳನ್ನು ಒಂದೊಂದಾಗಿ ಓದಿದಳು. ಆ ಚುಕ್ಕಿಯ ನೀಲಿ ಗಾಜಿನ ಅಂಕಣದಲ್ಲಿ 99 ಎಂದಿತ್ತು. ಏನೂ ಕಾಣದಿದ್ದರೆ 99 ಎಂದು ಬರೆಯುವುದು ಚುಕ್ಕಿಗಳನ್ನು ಅಳೆದು ದಾಖಲಿಸುವವರ ರೂಢಿ. ಅಷ್ಟು ದೂರದಿಂದ ಹೊರಟ ನೀಲಿ ಬೆಳಕನ್ನು ದಾರಿಯ ಅನಿಲ ನುಂಗಿಬಿಡುತ್ತದೆ. ಕಾಣದಿರುವುದೇ ಅಂಥ ಕ್ವೇಸಾರಿನ ಗುರುತು. ನಾನು ಆ ಮೌನವನ್ನು ಹೊಳಪಿನ ಅಳತೆಯೆಂದು ಲೆಕ್ಕಕ್ಕೆ ತೆಗೆದುಕೊಂಡಿದ್ದೆ.

"ಹಾಳಾದ್ದು ಯಂತ್ರ," ಎಂದರು ಇನಾಮದಾರ್.

"ಅದೇನ್ ಮಾಡುತ್ತೆ ಸರ್? 99 ಅಂದ್ರೆ ಕಾಣಲಿಲ್ಲ ಅಂತ ನಾನೇ ಹೇಳಿಕೊಡಲಿಲ್ಲ."

ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ತಪ್ಪನ್ನು ಅವಳು ತನ್ನ ಮೇಲೆ ಹಾಕಿಕೊಂಡಳು. ಪ್ರಬಂಧ ಹೇಗೋ ಮುಗಿಸಿ ಚಿತ್ರದುರ್ಗದ ಕಾಲೇಜಿಗೆ ಪಾಠ ಹೇಳಲು ಹೋದಳು. ದೂರದರ್ಶಕಕ್ಕೆ ಮತ್ತೆ ಅರ್ಜಿ ಹಾಕಲಿಲ್ಲವಂತೆ.

ನಾನು ಕೆಲಕಾಲ ಗ್ರಂಥಾಲಯದಲ್ಲಿ ಪುಸ್ತಕಗಳ ಹೆಸರು ಹುಡುಕಿಕೊಟ್ಟೆ. ಈಗ ಉಗ್ರಾಣದಲ್ಲಿ ಮುರಿದ ಕುರ್ಚಿಗಳ ಹಿಂದೆ ಇದ್ದೇನೆ. ನಕ್ಷತ್ರ, ಇಲ್ಲವೇ ಕ್ವೇಸಾರ್. ನಾನು ತೂಗಿ ನೋಡಬಹುದಾಗಿದ್ದುದು ಈ ಎರಡನ್ನೇ. ಗೊತ್ತಿಲ್ಲ ಎನ್ನಲು ಜಾಗವಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಆ ಸಮಾಧಾನ ನಿಲ್ಲುವುದಿಲ್ಲ. ಆ ಬೆಳಕು ಸಾವಿರದಿನ್ನೂರು ಕೋಟಿ ವರ್ಷ ನಡೆದು ಬಂದಿತ್ತು. ನಾನು ಅದಕ್ಕೆ ಕೊಟ್ಟದ್ದು ಒಂದು ಕ್ಷಣದ ಸಾವಿರದಲ್ಲೊಂದು ಪಾಲು. ಪಟ್ಟಿ ಕಳಿಸುವ ಮೊದಲು ಅವಳು ಒಂದು ಮಧ್ಯಾಹ್ನವೆಲ್ಲ ಅದನ್ನೇ ನೋಡುತ್ತ ಕುಳಿತಿದ್ದಳು.